ಒಂದು ಎತ್ತು, ಹನ್ನೆರಡು ಕುದುರೆ

ನಗರ ಉದ್ಯಾನ ಕಚೇರಿಗೆ ಸೇರಿದ, ವರ್ಷಾನುಗಟ್ಟಲೆ ಹಿಂಗೋಡೆಗೆ ಒರಗಿ ನಿಂತಿದ್ದ ತೋಟದ ಟ್ರ್ಯಾಕ್ಟರೊಂದನ್ನು ರಿಪೇರಿ ಮಾಡಿ, ಅದಕ್ಕೆ ಹೈಡ್ರಾಲಿಕ್ ಕೂರಿಸಿ, ಓಡುವ ಸ್ಥಿತಿಯಲ್ಲಿ ಒಪ್ಪಿಸಿದರೆ ಎಂಬತ್ತು ಸಾವಿರ ಕೊಡತಕ್ಕದ್ದು ಎಂದು ಕಚೇರಿಯೂ, ಪಡೆಯತಕ್ಕದ್ದು ಎಂದು ಗುಜರಿ ಸಾಹುಕಾರರೂ ಸಹಿ ಹಾಕಿದರು. ಪಡೆಯುವವರ ಸಹಿ ಶಾಯಿಯಲ್ಲಿತ್ತು, ಕೊಡುವವರ ಸಹಿ ಪೆನ್ಸಿಲಿನಲ್ಲಿತ್ತು. ಅದು ಆ ಕಚೇರಿಯ ಪದ್ಧತಿ.

ಸಾಹುಕಾರರು ಹಳೇ ಕಬ್ಬಿಣದ ವ್ಯಾಪಾರದಲ್ಲಿ ತಲೆ ನರೆಸಿಕೊಂಡವರು. ಬೋಲ್ಟು ಕಿವಿಯ ಹತ್ತಿರ ಹಿಡಿದು ಉಗುರಿನಲ್ಲಿ ತಟ್ಟಿದರೆ ಅದು ಯಾವ ಕಾರ್ಖಾನೆಯದು, ಎಷ್ಟಕ್ಕೆ ಹೋಗುತ್ತದೆ ಎಂದು ಹೇಳಬಲ್ಲವರು. ಅವರ ಅಂಗಡಿಗೆ ಇದ್ದ ಒಂದೇ ಕೊರತೆ ಛಾವಣಿ. ಛಾವಣಿ ಇರಲಿಲ್ಲ ಎಂದಲ್ಲ, ಇತ್ತು. ತಗಡಿಗಿಂತ ತೂತು ಹೆಚ್ಚಿತ್ತು ಅಷ್ಟೆ. ಮಳೆ ಬಂದರೆ ಸಾಹುಕಾರರ ಹೆಂಡತಿ ಗಲ್ಲಾಪೆಟ್ಟಿಗೆಯ ಮೇಲೆ ಕೊಡೆ ಬಿಚ್ಚಿ, ಸುತ್ತ ಆರು ಬಕೆಟ್ಟು ಇಟ್ಟು ವ್ಯಾಪಾರ ನಡೆಸುತ್ತಿದ್ದರು. ಹೊಸ ತಗಡಿಗೆಂದು ಅವರು ಎರಡು ವರ್ಷದಿಂದ ಕೂಡಿಟ್ಟ ದುಡ್ಡನ್ನು ಸಾಹುಕಾರರು ಈ ಟ್ರ್ಯಾಕ್ಟರಿಗೆ ಸುರಿದರು.

"ಒಂದಕ್ಕೆ ಎರಡಾಗಿ ಬರುತ್ತೆ ಕಣೇ," ಎಂದರು ಸಾಹುಕಾರರು.

"ಬರಲಿ. ಬರದೇ ಇದ್ರೆ ಮಳೆಗಾಲದಲ್ಲಿ ನೀವು ತೂತಿನ ಕೆಳಗೆ ಕೂತ್ಕೊಳ್ಳಿ, ಬಕೆಟ್ಟು ನಾನು ತೆಗೀತೀನಿ," ಎಂದರು ಹೆಂಡತಿ.

ಷರತ್ತು ಸ್ಪಷ್ಟವಾಗಿತ್ತು.

ರಿಪೇರಿಯ ಕೆಲಸ ಭಾವಮೈದನ ಪಾಲಿಗೆ ಬಂತು. ಭಾವಮೈದ ಒಳ್ಳೆಯ ಮೆಕ್ಯಾನಿಕ್. ಅವನಿಗಿದ್ದ ಒಂದೇ ಕೆಟ್ಟ ಚಟವೆಂದರೆ, ಕೇಳಿದ ಪ್ರಶ್ನೆಗೆ ನಿಜವಾದ ಉತ್ತರ ಕೊಡುವುದು. ಟ್ರ್ಯಾಕ್ಟರಿನ ಪಿಸ್ಟನ್ ತುಕ್ಕಿಗೆ ಕಚ್ಚಿಕೊಂಡು ಕೂತಿತ್ತು; ಅದಕ್ಕೆ ಡೀಸೆಲ್ ಹುಯ್ದು ನೆನೆಸಿಟ್ಟ. ಏರ್ ಫಿಲ್ಟರಿನಲ್ಲಿ ಇಲಿಯೊಂದು ಸಂಸಾರ ಹೂಡಿತ್ತು. ಮರಿಗಳು ದೊಡ್ಡವಾಗುವ ತನಕ ಕಾಯೋಣ ಅಂದ, ಅಕ್ಕ ಗದರಿದ ಮೇಲೆ ಹಳೇ ಟೋಪಿಯೊಂದಕ್ಕೆ ವರ್ಗಾಯಿಸಿದ. ಹೈಡ್ರಾಲಿಕ್ಕಿಗೆ ಬೇಕಾದ ಪಂಪು ಕಸದ ಲಾರಿಯೊಂದರಿಂದ ಬಂತು. ಎಣ್ಣೆಯ ಒತ್ತಡಕ್ಕೆ ಚಾಚಿಕೊಂಡು ಭಾರ ಎತ್ತುವ ಸಿಲಿಂಡರು ಮಾತ್ರ ಎಲ್ಲೂ ಸಿಗದೆ, ಕೊನೆಗೆ ಹಲ್ಲಿನ ಡಾಕ್ಟರೊಬ್ಬರ ಹಳೇ ಕುರ್ಚಿಯ ಹೊಟ್ಟೆಯೊಳಗೆ ಸಿಕ್ಕಿತು.

"ಭಾವ, ಇದು ಇಷ್ಟು ದಿನ ಜನರನ್ನ ಎತ್ತಿದ್ದು. ಕಬ್ಬಿಣ ಎತ್ತುತ್ತಾ?"

"ಹಲ್ಲು ಕೀಳಿಸ್ಕೊಳ್ಳೋಕೆ ಬಂದವರನ್ನ ಎತ್ತಿದೆಯಲ್ಲೋ. ಅವರಿಗಿಂತ ಬಿಗಿಯಾಗಿ ಕೂತಿರೋ ವಸ್ತು ಯಾವುದಿದೆ?"

ಮೊದಲ ಪರೀಕ್ಷೆಯ ದಿನ ಹುಲ್ಲು ಸಮ ಮಾಡುವ ಕಲ್ಲಿನ ಉರುಳೆಯನ್ನು ಹಿಂದೆ ಕಟ್ಟಿ, ಭಾವಮೈದ ಸೀಟಿನ ಮೇಲೆ ಕೂತು ಭಾರ ಎತ್ತುವ ಸನ್ನೆಕೋಲು ಎಳೆದ. ಉರುಳೆ ಕದಲಲಿಲ್ಲ. ಬದಲಿಗೆ ಟ್ರ್ಯಾಕ್ಟರಿನ ಮುಂದಿನ ಚಕ್ರಗಳು ನಿಧಾನವಾಗಿ, ಗಾಂಭೀರ್ಯದಿಂದ ಆಕಾಶಕ್ಕೆ ಏರಿದವು. ಭಾವಮೈದ ಮಲಗಿದ ಭಂಗಿಯಲ್ಲಿ ಛಾವಣಿಯ ತೂತುಗಳನ್ನು ನೋಡುತ್ತಾ, "ಅಕ್ಕಾ, ಇಲ್ಲಿಂದ ಇನ್ನೂ ಜಾಸ್ತಿ ಕಾಣ್ತವೆ," ಎಂದ. ಮರುದಿನ ಸಾಹುಕಾರರು ತಮ್ಮ ತಕ್ಕಡಿಯ ಹಳೇ ತೂಕದ ಬಟ್ಟುಗಳನ್ನೆಲ್ಲ ಟ್ರ್ಯಾಕ್ಟರಿನ ಮೂತಿಗೆ ಬಿಗಿಸಿದರು. ಆಮೇಲೆ ಉರುಳೆಯೇ ಎದ್ದಿತು. ಆ ಬಟ್ಟುಗಳ ಮೇಲೆ ಬರೆದಿದ್ದ ತೂಕಕ್ಕೂ ನಿಜವಾದ ತೂಕಕ್ಕೂ ಸ್ವಲ್ಪ ವ್ಯತ್ಯಾಸವಿದ್ದುದರಿಂದ, ಲೆಕ್ಕಕ್ಕಿಂತ ಎರಡು ಬಟ್ಟು ಹೆಚ್ಚು ಬೇಕಾಯಿತು. ಇದರ ಬಗ್ಗೆ ಯಾರೂ ಚರ್ಚಿಸಲಿಲ್ಲ.

ಹೀಗೆ ಕೆಲಸ ಮುಗಿಸಿ ಸಾಹುಕಾರರು ಬಿಲ್ಲು ಹಿಡಿದು ಕಚೇರಿಗೆ ಹೋದರು.

ಅಲ್ಲಿನ ಗುಮಾಸ್ತರು ಭಾಷಾಭಿಮಾನಿಗಳು. ಕಡತದಲ್ಲಿ ಪರಭಾಷೆಯ ಪದ ನುಸುಳತಕ್ಕದ್ದಲ್ಲ ಎಂಬ ಸುತ್ತೋಲೆಯನ್ನು ಅವರು ಚೌಕಟ್ಟು ಹಾಕಿಸಿ ತಲೆಯ ಮೇಲೆ ತೂಗುಹಾಕಿದ್ದರು. ಬಿಲ್ಲು ನೋಡಿ ಅವರು ಮುಖ ಕಿವುಚಿದರು.

"ಏನ್ರೀ ಇದು, ಬರೀ ಪರಭಾಷೆ. ಟ್ರ್ಯಾಕ್ಟರು ಅಂದ್ರೆ ಏನು?"

"ಎಳೆಯೋ ಗಾಡಿ, ಸ್ವಾಮಿ."

ಗುಮಾಸ್ತರು 'ಎಳೆಬಂಡಿ – ೧' ಎಂದು ಬರೆದುಕೊಂಡರು. "ಹೈಡ್ರಾಲಿಕ್ಕು?"

"ಎಣ್ಣೆ ಒತ್ತಿದ್ರೆ ಭಾರ ಮೇಲಕ್ಕೆ..."

"ಉದ್ದ ಆಯ್ತು. ಈ ಪದ ನಿಘಂಟಲ್ಲಿಲ್ಲ, ಹೊಡೆದುಹಾಕ್ತೀನಿ. ಮುಂದೆ ಏನೋ ಲಿಫ್ಟು ಅಂತಿದೆ."

"ಎತ್ತು ಅಂತ, ಸ್ವಾಮಿ."

'ಎತ್ತು – ೧.' ಗುಮಾಸ್ತರ ಅಕ್ಷರ ಮುತ್ತಿನಂತಿತ್ತು. "ಹನ್ನೆರಡು ಹಾರ್ಸ್ ಪವರ್ ಅಂದ್ರೆ?"

"ಹನ್ನೆರಡು ಕುದುರೆ ಶಕ್ತಿ."

ಕಾಲಂ ಅಗಲ ಕಡಿಮೆ ಇತ್ತು. ಶಕ್ತಿ ಹಿಡಿಸಲಿಲ್ಲ. 'ಕುದುರೆ – ೧೨.'

ಎರಡು ವಾರದ ಮೇಲೆ ಲೆಕ್ಕ ತಪಾಸಣೆ ಶಾಖೆಯಿಂದ ಕಡತ ವಾಪಸು ಬಂತು. ಮೇಲೆ ಈ ಟಿಪ್ಪಣಿ ಇತ್ತು:

'ಎಳೆಬಂಡಿಯೊಂದಕ್ಕೆ ಒಂದು ಎತ್ತು ಹಾಗೂ ಹನ್ನೆರಡು ಕುದುರೆಗಳನ್ನು ಪಡೆದಿರುವುದು ಗಮನಕ್ಕೆ ಬಂದಿದೆ. ದರ ಅಗ್ಗವಾಗಿರುವುದರಿಂದ ಆಕ್ಷೇಪಣೆ ಇರುವುದಿಲ್ಲ. ಆದರೆ ಸದರಿ ಪ್ರಾಣಿಗಳ ಆರೋಗ್ಯ ಪ್ರಮಾಣಪತ್ರ ಲಗತ್ತಿಸದೆ ಬಿಲ್ಲು ಪಾವತಿಸತಕ್ಕದ್ದಲ್ಲ.'

ಸಾಹುಕಾರರು ಅದನ್ನು ಎರಡು ಸಲ ಓದಿ, ಕನ್ನಡಕ ಒರೆಸಿಕೊಂಡು ಮೂರನೇ ಸಲ ಓದಿದರು. "ಸ್ವಾಮಿ, ಎತ್ತು ಅಂದ್ರೆ ನಾಲ್ಕು ಕಾಲಿನ ಎತ್ತಲ್ಲ. ಮೇಲಕ್ಕೆ ಎತ್ತು ಅಂತೀವಲ್ಲ, ಅದು. ಒಂಚೂರು ತಿದ್ದಿಬಿಡಿ."

"ತಿದ್ದೋಕೆ ತಿದ್ದುಪಡಿ ಸಮಿತಿ ಸೇರಬೇಕು. ಐದು ಜನ ಸದಸ್ಯರು. ಮೂವರು ರಿಟೈರ್ಡ್... ಅಂದ್ರೆ ನಿವೃತ್ತರು. ಒಬ್ಬರು ವರ್ಗ ಆದ್ರು."

"ಐದನೆಯವರು?"

"ನಾನೇ. ಆದ್ರೆ ತಪ್ಪು ನಂದೇ ಆಗಿರೋದ್ರಿಂದ ಚರ್ಚೆ ಹೊತ್ತಲ್ಲಿ ನಾನು ಸಭೆಯಿಂದ ಆಚೆ ಹೋಗಬೇಕು, ನಿಯಮ ಹಾಗಿದೆ."

"ಪ್ರಾಣಿಗಳ ಡಾಕ್ಟರ ಸರ್ಟಿಫಿಕೇಟು ಎಷ್ಟು ದಿನಕ್ಕೆ ಸಿಗುತ್ತೆ?"

"ಅದಾ? ಒಂದೇ ದಿನ."

ಸಾಹುಕಾರರು ವ್ಯಾಪಾರಸ್ಥರು. ನಿಜದ ದಾರಿ ದೂರವಾಗಿ, ಸುಳ್ಳಿನ ದಾರಿ ಹತ್ತಿರವಾಗಿದ್ದಾಗ, ಎರಡೂ ಒಂದೇ ಗಲ್ಲಾಪೆಟ್ಟಿಗೆಗೆ ತಲುಪುವಂತಿದ್ದರೆ, ಚಪ್ಪಲಿ ಸವೆಸುವವರಲ್ಲ. ನೇರವಾಗಿ ಹೋಗಿ ಪಶುವೈದ್ಯರನ್ನು ಕರೆತಂದರು.

ಪಶುವೈದ್ಯರು ಟ್ರ್ಯಾಕ್ಟರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಆಮೇಲೆ ಸಾಹುಕಾರರ ಮುಖ ನೋಡಿದರು. ಸಾಹುಕಾರರು ಛಾವಣಿ ನೋಡಿದರು.

"ಇದು ಎತ್ತಾ?" ಎಂದರು ವೈದ್ಯರು.

"ಕಡತದಲ್ಲಿ ಹಾಗಿದೆ, ಡಾಕ್ಟ್ರೇ."

"ನೋಡಿ, ನಂಗೆ ಈ ತಿಂಗಳು ನಲವತ್ತು ಎತ್ತು ತಪಾಸಣೆ ಮಾಡಬೇಕು ಅಂತ ಗುರಿ ಕೊಟ್ಟಿದ್ದಾರೆ. ಇಡೀ ಊರು ಸುತ್ತಿದ್ರೂ ಮೂವತ್ತೊಂಬತ್ತೇ ಆಗಿದ್ದು. ನಾಳೆ ತಿಂಗಳ ಕೊನೆ." ಅವರು ಟ್ರ್ಯಾಕ್ಟರಿನ ಬೆನ್ನು ಸವರಿದರು. "ಮೈಕಟ್ಟು ಚೆನ್ನಾಗಿದೆ. ಬಣ್ಣ?"

"ಕೆಂಪು. ಮೊನ್ನೆ ತಾನೇ ಬಳಿದಿದ್ದು," ಎಂದ ಭಾವಮೈದ.

ವೈದ್ಯರು 'ಕಂದು' ಎಂದು ಬರೆದರು. "ಹಲ್ಲು?"

"ಗೇರ್ ಚಕ್ರಕ್ಕೆ ಮೂವತ್ತಾರು ಸಾರ್. ಒಂದೂ ಮುರಿದಿಲ್ಲ."

"ಮೂವತ್ತಾರು!" ವೈದ್ಯರು ಪೆನ್ನು ನಿಲ್ಲಿಸಿದರು. "ನನ್ನ ಸರ್ವೀಸಲ್ಲೇ ಇಂಥ ಬಾಯಿ ನೋಡಿಲ್ಲ. ಕೊಂಬು?"

"ಹಾರ್ನಾ? ಒಂದಿದೆ. ಆದ್ರೆ ಕೂಗಲ್ಲ."

"ಒಂಟಿ ಕೊಂಬು. ಶಾಂತ ಸ್ವಭಾವ. ಹಾಯೋದು, ಒದೆಯೋದು?"

"ಮುಂಗಾಲು ಎತ್ತಿ ನಿಲ್ಲುತ್ತೆ ಸಾರ್. ಮೂತಿಗೆ ಭಾರ ಕಟ್ಟಿದ್ಮೇಲೆ ಬಿಟ್ಟಿದೆ."

"ಸರಿಯಾದ ಚಿಕಿತ್ಸೆ." ನೆಲದ ಮೇಲೆ ಸೋರಿದ್ದ ಕಪ್ಪು ಎಣ್ಣೆಯನ್ನು ವೈದ್ಯರು ಬಗ್ಗಿ ನೋಡಿ, ಮೂಗಿನ ಹತ್ತಿರ ಬೆರಳು ತಂದು, 'ಹೊಟ್ಟೆ ಸ್ವಲ್ಪ ಸಡಿಲ, ಗಾಬರಿಯಿಲ್ಲ' ಎಂದು ದಾಖಲಿಸಿದರು. ಕಿವಿಗೆ ಹಾಕಬೇಕಾದ ಹಳದಿ ಬಿಲ್ಲೆಯನ್ನು ಕಿವಿ ಸಿಗದ ಕಾರಣ ಸ್ಟಿಯರಿಂಗಿಗೆ ತಂತಿಯಿಂದ ಕಟ್ಟಿದರು.

"ಕುದುರೆಗಳು, ಡಾಕ್ಟ್ರೇ?"

"ಅಯ್ಯೋ, ಕುದುರೆ ನನಗೆ ಬರಲ್ಲ. ಅದಕ್ಕೆ ಬೇರೆ ಹುದ್ದೆ ಇದೆ. ಆ ಹುದ್ದೆ ಖಾಲಿ ಇದೆ. ಖಾಲಿ ಹುದ್ದೆಯಿಂದ ಆಕ್ಷೇಪಣೆ ಬಂದಿಲ್ಲ ಅಂತ ಷರಾ ಬರೀತೀನಿ, ಆಗುತ್ತಾ?"

ಆಯಿತು. ಸಾಹುಕಾರರು ಪ್ರಮಾಣಪತ್ರ ಒಯ್ದು ಗುಮಾಸ್ತರ ಮೇಜಿನ ಮೇಲಿಟ್ಟರು. ಇನ್ನೇನು ದುಡ್ಡು ಕೈಗೆ ಬಂತು ಎನ್ನುವಷ್ಟರಲ್ಲಿ ಅಂಚೆಯಲ್ಲಿ ಬಂದದ್ದು ದುಡ್ಡಲ್ಲ, ಅದೇ ಕಚೇರಿಯ ನೋಟಿಸು.

'ಒಟ್ಟು ಹದಿಮೂರು ಜಾನುವಾರುಗಳನ್ನು ಸೋರುವ ಛಾವಣಿಯ ಕೆಳಗೆ ಇರಿಸಿಕೊಂಡಿರುವುದು ಪಶುವೈದ್ಯರ ವರದಿಯಿಂದ ತಿಳಿದುಬಂದಿದ್ದು, ಇದು ಕ್ರೌರ್ಯದ ವ್ಯಾಖ್ಯೆಗೆ ಒಳಪಡುತ್ತದೆ. ಏಳು ದಿನಗಳೊಳಗೆ ತಲೆಗೆ ಹತ್ತಡಿ ಉದ್ದ, ಆರಡಿ ಅಗಲದಂತೆ ಸುಸಜ್ಜಿತ ಕೊಟ್ಟಿಗೆ ಒದಗಿಸತಕ್ಕದ್ದು. ತಪ್ಪಿದಲ್ಲಿ ಬಿಲ್ಲಿನ ಮೊತ್ತವನ್ನು ದಂಡಕ್ಕೆ ಹೊಂದಿಸಿಕೊಳ್ಳಲಾಗುವುದು.'

ಹೆಂಡತಿ ನೋಟಿಸನ್ನು ಓದಿ ಮಡಚಿ, ಒಂದು ಬಕೆಟ್ಟು ತಂದು ಗಂಡನ ಪಕ್ಕದಲ್ಲಿಟ್ಟರು. ಮೋಡ ಕವಿಯುತ್ತಿತ್ತು.

ಸಾಹುಕಾರರು ಆ ನೋಟಿಸನ್ನು ಮತ್ತೆ ಬಿಚ್ಚಿದರು. ಹಳೇ ಬೋಲ್ಟನ್ನು ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು. ಅಂಗಡಿಯನ್ನು ಹೆಜ್ಜೆಯಲ್ಲಿ ಅಳೆದರು. ಹದಿಮೂರು ತಲೆಯ ಕೊಟ್ಟಿಗೆಯೂ ತಮ್ಮ ಅಂಗಡಿಯೂ ಹೆಚ್ಚುಕಡಿಮೆ ಒಂದೇ ಅಳತೆ ಎಂಬುದು ಅವರಿಗೆ ಹೊಳೆದ ಗಳಿಗೆಯಲ್ಲಿ ಮುಖದ ಮೇಲೆ ಬಂದ ಕಳೆಯನ್ನು ಹೆಂಡತಿ ಮೊದಲು ನೋಡಿದ್ದು ತಮ್ಮ ಮದುವೆಯ ಮಾತುಕತೆಯ ದಿನ, ಕೊಡುವುದು ತೆಗೆದುಕೊಳ್ಳುವುದು ಕುದುರಿದಾಗ.

ಸಾಹುಕಾರರು ಕಚೇರಿಗೆ ಹೋಗಿ ಗುಮಾಸ್ತರ ಎದುರು ಕೈಕಟ್ಟಿ ನಿಂತರು.

"ಸ್ವಾಮಿ, ಒಂದು ಸಣ್ಣ ಅನುಮಾನ. ಈ ಜಾನುವಾರುಗಳು ಯಾರವು?"

"ಇದೇನು ಪ್ರಶ್ನೆ? ಕಚೇರಿಯವು."

"ಅಂದ್ಮೇಲೆ ಕ್ರೌರ್ಯ ಮಾಡ್ತಿರೋದು ಯಾರು?"

ಗುಮಾಸ್ತರು ಪೆನ್ನಿಗೆ ಮುಚ್ಚಳ ಹಾಕಿದರು. ಮತ್ತೆ ತೆಗೆದರು. ಎದ್ದು ಒಳಗೆ ಹೋಗಿ ಬಂದರು. ಮಧ್ಯಾಹ್ನದ ಹೊತ್ತಿಗೆ ಕೊಟ್ಟಿಗೆಯ ಖರ್ಚು ಕಚೇರಿಯದೇ ಎಂದು ತೀರ್ಮಾನವಾಗಿತ್ತು. ದೊಡ್ಡ ಸಾಹೇಬರು ಖುದ್ದಾಗಿ ಬಂದು ತಲೆ ಎಣಿಸಿ ಸಹಿ ಹಾಕಿದರೆ ಸಾಕು, ತಗಡು ಮಂಜೂರು.

ದೊಡ್ಡ ಸಾಹೇಬರು ಬರುವ ದಿನ ಸಾಹುಕಾರರು ಭಾವಮೈದನನ್ನು ಪಕ್ಕಕ್ಕೆ ಕರೆದರು. "ಲೋ, ಇವತ್ತು ನೀನು ಬಾಯಿ ಬಿಡಬೇಡ."

"ಕೇಳಿದ್ರೆ?"

"ಕೇಳಿದ್ರೂ."

"ಅದು ಹೇಗೆ ಭಾವ, ಕೇಳಿದವರಿಗೆ ಹೇಳದೇ ಇರೋದು?"

ಅಷ್ಟರಲ್ಲಿ ಜೀಪು ಬಂತು. ದೊಡ್ಡ ಸಾಹೇಬರು ಇಳಿದು, ಮಳೆಹನಿಯಿಂದ ತಪ್ಪಿಸಿಕೊಂಡು ಒಂದು ತೂತಿನ ಕೆಳಗಿಂದ ಇನ್ನೊಂದು ತೂತಿನ ಕೆಳಗೆ ಬಂದರು. ಅವರ ಹಿಂದೆ ಗುಮಾಸ್ತರು ಕಡತ ಹೊತ್ತು ಬಂದರು. ಸಾಹುಕಾರರ ಹೆಂಡತಿ ಸಾಹೇಬರಿಗೆ ಕೊಡೆ ಹಿಡಿದರು.

"ಎತ್ತು ಎಲ್ಲಿ?" ಎಂದರು ಸಾಹೇಬರು.

"ಇದೇ ಸಾರ್."

ಸಾಹೇಬರು ಬಹಳ ಹೊತ್ತು ಟ್ರ್ಯಾಕ್ಟರನ್ನು ನೋಡಿದರು. ಹಳದಿ ಬಿಲ್ಲೆ ನೋಡಿದರು. ಪ್ರಮಾಣಪತ್ರದಲ್ಲಿದ್ದ ಬಿಲ್ಲೆಯ ನಂಬರು ನೋಡಿದರು. ಎರಡೂ ಒಂದೇ ಇತ್ತು. ಅಲ್ಲಿಗೆ ಅವರ ಸಂಶಯ ಪರಿಹಾರವಾಯಿತು.

"ಕೆಲಸ ಮಾಡುತ್ತಾ?"

"ಹೇಳಿದ ಮಾತು ಕೇಳುತ್ತೆ ಸಾರ್. ನೀವೇ ಹೇಳಿ ನೋಡಿ. ಎತ್ತು ಅನ್ನಿ."

"ಎತ್ತು," ಎಂದರು ಸಾಹೇಬರು.

ಸಾಹುಕಾರರು ಬೆನ್ನ ಹಿಂದೆ ಕೈಯಿಟ್ಟು ಸನ್ನೆಕೋಲು ಎಳೆದರು. ಗುರ್ರ್ ಎನ್ನುತ್ತಿದ್ದ ಟ್ರ್ಯಾಕ್ಟರು ಕಲ್ಲಿನ ಉರುಳೆಯನ್ನು ನಯವಾಗಿ ಮೇಲೆತ್ತಿ ಹಿಡಿದು ನಿಂತಿತು. ಸಾಹೇಬರ ಕಣ್ಣು ತುಂಬಿ ಬಂತು. "ಇಷ್ಟು ವರ್ಷ ಸರ್ವೀಸಲ್ಲಿ ನಾನು ಹೇಳಿದ್ದನ್ನ ಒಂದೇ ಸಲಕ್ಕೆ ಕೇಳಿದ್ದು ಇದೊಂದೇ ಕಣ್ರೀ," ಎಂದು ಗುಮಾಸ್ತರ ಕಡೆ ನೋಡಿದರು. ಗುಮಾಸ್ತರು ಅದನ್ನೂ ಬರೆದುಕೊಂಡರು.

"ಕುದುರೆಗಳು?"

"ಒಳಗಿವೆ ಸಾರ್," ಸಾಹುಕಾರರು ಬಾನೆಟ್ಟಿನ ಮೇಲೆ ಕೈಯಿಟ್ಟರು. "ಸದ್ದು ಕೇಳಿಸ್ತಿದೆಯಲ್ಲ."

ಸಾಹೇಬರು ಕಿವಿಗೊಟ್ಟು ಕೇಳಿದರು. ತಲೆದೂಗಿದರು. ಸಹಿ ಹಾಕಲು ಪೆನ್ನು ತೆಗೆದು, ಸುಮ್ಮನೆ ಮಾತಿಗೆಂಬಂತೆ ಭಾವಮೈದನ ಕಡೆ ತಿರುಗಿದರು. "ಹನ್ನೆರಡೂ ಇವೆ ತಾನೇ?"

"ಹೊಸದರಲ್ಲಿ ಹನ್ನೆರಡಿತ್ತು ಸಾರ್," ಎಂದ ಭಾವಮೈದ. "ಈಗ ಇಂಜಿನ್ ಸವೆದಿದೆ. ಎಷ್ಟು ಎಳೆದಾಡಿದ್ರೂ ಒಂಬತ್ತೇ."

ಸಾಹುಕಾರರು ಕಣ್ಣು ಮುಚ್ಚಿಕೊಂಡರು. ಮೂರು ಕುದುರೆಯ ಪಾಲಿನ ತಗಡು, ಎಂದರೆ ಸರಿಯಾಗಿ ಗಲ್ಲಾಪೆಟ್ಟಿಗೆಯ ಮೇಲಿನ ಭಾಗ, ಗಾಳಿಗೆ ಹಾರಿಹೋದಂತೆ ಅವರಿಗೆ ಕಂಡಿತು.

"ಇನ್ನು ಮೂರು?" ಸಾಹೇಬರ ದನಿ ಗಡುಸಾಯಿತು.

ಬಕೆಟ್ಟಿನಲ್ಲಿ ಹನಿ ಟಪ್ ಎಂದಿತು. ಆಗ ಸಾಹುಕಾರರ ಹೆಂಡತಿ ಕೊಡೆಯನ್ನು ಸಾಹೇಬರ ತಲೆಯ ಮೇಲಿಂದ ಒಂದು ಗೇಣು ಆಚೆಗೆ ಸರಿಸಿದರು. ಮೇಲಿನ ತೂತಿನಿಂದ ಧಾರೆಯಾಗಿ ನೀರು ಸಾಹೇಬರ ಕತ್ತಿನೊಳಗೆ ಇಳಿಯಿತು.

"ಹೀಗೇ ಆಯ್ತು ಸಾರ್," ಎಂದರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ. "ಹೀಗೇ ನೆನೆದು ನೆನೆದು, ಮೂರೂ ಹೋದ್ವು. ನಿಮ್ಮ ಕಚೇರಿ ಕಾಗದ ಬರೋದ್ರೊಳಗೆ ಇನ್ನೆಷ್ಟು ಹೋಗ್ತವೋ ಗೊತ್ತಿಲ್ಲ."

ದೊಡ್ಡ ಸಾಹೇಬರು ನೆನೆದ ಕಾಲರನ್ನು ಮುಟ್ಟಿನೋಡಿಕೊಂಡು ಟೋಪಿ ತೆಗೆದರು. ಇಂಜಿನ್ ಆರಿಸಲು ಹೇಳಿದರು. ಎಲ್ಲರೂ ತಲೆತಗ್ಗಿಸಿ ಮೌನವಾಗಿ ನಿಂತರು. ಭಾವಮೈದನೂ ನಿಂತ, ಆದರೆ ಯಾಕೆಂದು ಅವನಿಗೆ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಗುಮಾಸ್ತರನ್ನು ಕೇಳಿದ, ಅವರು 'ಶ್' ಎಂದರು.

ಅದೇ ವಾರ ಕಚೇರಿಯ ಫಲಕದ ಮೇಲೆ ಈ ಪ್ರಕಟಣೆ ಕಾಣಿಸಿಕೊಂಡಿತು:

'ಕರ್ತವ್ಯದಲ್ಲಿದ್ದಾಗಲೇ ಮಳೆಗೆ ಸಿಲುಕಿ ಅಸುನೀಗಿದ ಮೂರು ಕುದುರೆಗಳಿಗೆ ಕಚೇರಿಯು ಸಂತಾಪ ಸೂಚಿಸುತ್ತದೆ. ಇಂತಹ ಘಟನೆ ಮರುಕಳಿಸದಂತೆ ಹದಿಮೂರು ತಲೆಗೂ ಪೂರ್ತಿ ಕೊಟ್ಟಿಗೆಯನ್ನು ತುರ್ತಾಗಿ ನಿರ್ಮಿಸಲು ಆದೇಶಿಸಲಾಗಿದೆ. ಮೃತ ಕುದುರೆಗಳ ಚರ್ಮವನ್ನು ಗುತ್ತಿಗೆದಾರರು ಉಗ್ರಾಣಕ್ಕೆ ಒಪ್ಪಿಸತಕ್ಕದ್ದು.'

ಸಾಹುಕಾರರು ಟ್ರ್ಯಾಕ್ಟರಿನ ಹರಿದ ಹಳೇ ಸೀಟಿನ ರೆಕ್ಸಿನ್ನನ್ನು ಮೂರು ತುಂಡು ಮಾಡಿ ಒಪ್ಪಿಸಿದರು. ಉಗ್ರಾಣದವರು ಮುಟ್ಟಿನೋಡಿ, "ಪಾಪ, ಬಡಕಲು," ಎಂದು ರಸೀದಿ ಕೊಟ್ಟರು.

ತಗಡು ಬಂತು. ಹೊಸದು, ದಪ್ಪನೆಯದು. ಸಾಹುಕಾರರು ಉಗುರಿನಿಂದ ತಟ್ಟಿ ನೋಡಿ ತೃಪ್ತಿಪಟ್ಟರು. ಬಾಗಿಲ ಮೇಲೆ 'ಸರ್ಕಾರಿ ಕೊಟ್ಟಿಗೆ' ಎಂದು ಹಸಿರು ಅಕ್ಷರದಲ್ಲಿ ಬರೆಸಲಾಯಿತು, ಅದರ ಕೆಳಗೆ ಸಣ್ಣದಾಗಿ 'ಹಳೇ ಕಬ್ಬಿಣ ಕೊಳ್ಳಲಾಗುವುದು' ಎಂದೂ ಇತ್ತು.

ಎಲ್ಲ ಮುಗಿದ ಮೇಲೆ ಭಾವಮೈದ ಟ್ರ್ಯಾಕ್ಟರನ್ನು ಒಪ್ಪಿಸಲು ಉದ್ಯಾನಕ್ಕೆ ಓಡಿಸಿಕೊಂಡು ಹೋದ. ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಗೇಟಿನಲ್ಲಿ ಮಾಲಿ ಅಡ್ಡ ನಿಂತ.

"ಒಳಗೆ ಬಿಡಲ್ಲ."

"ಯಾಕಣ್ಣ?"

ಮಾಲಿ ಗೇಟಿನ ಫಲಕ ತೋರಿಸಿದ: 'ಉದ್ಯಾನದೊಳಗೆ ದನಕರುಗಳಿಗೆ ಪ್ರವೇಶವಿಲ್ಲ.'

"ಇದು ಟ್ರ್ಯಾಕ್ಟರು ಕಣಣ್ಣ."

"ಹೌದಾ?" ಮಾಲಿ ಸ್ಟಿಯರಿಂಗಿನ ಹಳದಿ ಬಿಲ್ಲೆಯನ್ನು ತಿರುಗಿಸಿ ಓದಿದ. "ಇಲ್ಲಿ ಎತ್ತು ಅಂತಿದೆಯಲ್ಲಪ್ಪ. ನಾಳೆ ನನ್ನ ಕೆಲಸ ಹೋದ್ರೆ ನೀನು ಕೊಡ್ತೀಯಾ?"

ಸುದ್ದಿ ಕಚೇರಿಗೆ ಹೋಯಿತು. ಮಾಲಿ ಹೇಳಿದ್ದೇ ಸರಿ ಎಂದು ಕಚೇರಿ ಒಪ್ಪಿತು. ಎತ್ತು ಹುಲ್ಲಿನ ಬಳಿಗೆ ಹೋಗುವಂತಿಲ್ಲ. ಆದರೆ ಹುಲ್ಲು ಎತ್ತಿನ ಬಳಿಗೆ ಹೋಗಲು ಯಾವ ನಿಯಮವೂ ಅಡ್ಡ ಬರುವುದಿಲ್ಲ ಎಂದು ಗುಮಾಸ್ತರು ಹುಡುಕಿ ತೆಗೆದರು. ಅಂದಿನಿಂದ ಮಾಲಿ ದಿನಾ ಬೆಳಿಗ್ಗೆ ಕುಡುಗೋಲಿನಿಂದ ಉದ್ಯಾನದ ಹುಲ್ಲು ಕೊಯ್ದು, ಹೊರೆ ಕಟ್ಟಿ, ಸರ್ಕಾರಿ ಕೊಟ್ಟಿಗೆಗೆ ತಂದು ಹಾಕುತ್ತಾನೆ. ಸಾಹುಕಾರರ ಹೆಂಡತಿ ಅದನ್ನು ಹಾಲಿನವನಿಗೆ ಮಾರುತ್ತಾರೆ. ಉದ್ಯಾನ ಈಗ ಹಿಂದೆಂದೂ ಇಲ್ಲದಷ್ಟು ಚೊಕ್ಕಟವಾಗಿದೆ. ಇದೆಲ್ಲ ಎತ್ತು ಬಂದ ಮೇಲೆ ಆದದ್ದು ಎಂದು ದೊಡ್ಡ ಸಾಹೇಬರು ವಾರ್ಷಿಕ ವರದಿಯಲ್ಲಿ ಬರೆದಿದ್ದಾರೆ, ಅದು ಸುಳ್ಳೂ ಅಲ್ಲ.

ಪಶುವೈದ್ಯರ ಗುರಿ ಮುಟ್ಟಿತು. ಬರುವ ವರ್ಷಕ್ಕೆ ತಿಂಗಳ ಗುರಿಯನ್ನು ಐವತ್ತಕ್ಕೆ ಏರಿಸಿರುವುದರಿಂದ, ಅವರು ಆಗಾಗ ಬಂದು ಅಂಗಡಿಯ ಮೂಲೆಯಲ್ಲಿ ಬಿದ್ದಿರುವ ಹಳೇ ಜಾಕುಗಳನ್ನು, ಅಂದರೆ ಕಾರು ಎತ್ತುವ ಯಂತ್ರಗಳನ್ನು, ಆಸೆಯಿಂದ ನೋಡಿ ಹೋಗುತ್ತಾರೆ.

ಎಂಬತ್ತು ಸಾವಿರದ ಬಿಲ್ಲು ಇನ್ನೂ ಪರಿಶೀಲನೆಯಲ್ಲಿದೆ. ಹಸ್ತಾಂತರವಾಗದೆ ಹಣ ಕೊಡುವಂತಿಲ್ಲ, ಫಲಕ ಇರುವ ತನಕ ಹಸ್ತಾಂತರ ಮಾಡುವಂತಿಲ್ಲ, ಫಲಕ ಬದಲಿಸಲು ತಿದ್ದುಪಡಿ ಸಮಿತಿ ಸೇರಬೇಕು. ಸಾಹುಕಾರರು ಈ ಬಗ್ಗೆ ಯಾರನ್ನೂ ಒತ್ತಾಯಿಸಿಲ್ಲ. ಮಳೆ ಜೋರಾಗಿ ಹೊಡೆಯುವ ಸಂಜೆಗಳಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ಕೂತು, ತಲೆಯ ಮೇಲೆ ತಗಡಿನ ಸದ್ದು ಕೇಳುತ್ತಾ, ಅವರು ಲೆಕ್ಕ ಹಾಕುತ್ತಾರೆ. ಕೈಬಿಟ್ಟದ್ದು ಒಂದು ಬಿಲ್ಲು. ಕೈಗೆ ಬಂದದ್ದು ಸೋರದ ಛಾವಣಿ ಒಂದು, ದಿನಕ್ಕೊಂದು ಹೊರೆ ಹುಲ್ಲು, ಕೆಲಸವಿಲ್ಲದ ಬಕೆಟ್ಟು ಆರು, ಬದುಕುಳಿದ ಕುದುರೆ ಒಂಬತ್ತು, ಮತ್ತು ಎತ್ತು ಅಂದರೆ ಎತ್ತುವ ಎತ್ತು ಒಂದು.